ಮಾವನವರು ಕೂಡಿಸಿದ ಹೋಳಿಗೆ ಮಣೆ

ಯಾವ ಅಂಟನ್ನೂ ನಾಲಗೆಗೆ ಮುಟ್ಟಿಸಿ ನೋಡದೆ ನಮ್ಮ ಮಾವನವರು ಮರಕ್ಕೆ ಹಚ್ಚಿದವರಲ್ಲ. ಹಾಗೆಂದು ಬಡಗಿಯೂ ಅಲ್ಲ. ಧಾರವಾಡದಿಂದ ಪುಣೆಗೆ ಬಂದು, ಖಡಕಿಯ ಮದ್ದುಗುಂಡಿನ ಕಾರಖಾನೆಯಲ್ಲಿ ಕಾರಕೂನರಾಗಿದ್ದವರು. ಹಗಲೆಲ್ಲ ಸಿಡಿಯುವ ಸಾಮಾನಿನ ಲೆಕ್ಕ ಬರೆದು, ಸಂಜೆ ಸೈಕಲ್ಲಿನ ಮೇಲೆ ಮನೆಗೆ ಬಂದರೆಂದರೆ ಒಡೆದದ್ದನ್ನು ಕೂಡಿಸುತ್ತ ಕೂರುವರು. ಹತ್ತಾರು ಸಂಸಾರಗಳಿದ್ದ ನಮ್ಮ ವಾಡೆಯಲ್ಲಿ ಯಾರ ಕಡಗೋಲು ಮುರಿದರೂ, ಯಾರ ಮಣೆಯ ಕಾಲು ಕಳಚಿದರೂ ನಮ್ಮ ಪಡಸಾಲೆಗೇ ಬರುತ್ತಿತ್ತು. ಕೆಲವು ಸಾಮಾನು ಬಂದದ್ದಕ್ಕಿಂತ ಕೆಟ್ಟು ಹಿಂದಿರುಗಿದ್ದೂ ಉಂಟು.

ನಾನು ಸೊಸೆಯಾಗಿ ಬಂದ ಮೊದಲ ವರ್ಷ, ಶಿವರಾತ್ರಿ ಕಳೆದು ಬಿಸಿಲು ಏರುತ್ತಲೇ, ತವರಿನಿಂದ ತಂದಿದ್ದ ನನ್ನ ಹಲಸಿನ ಮಣೆ ಅಂಚಿನಿಂದ ನಡುವಿನವರೆಗೆ ಸೀಳಿತು. ಹೋಳಿಗೆ ಲಟ್ಟಿಸುವುದು, ಶಂಕರಪೋಳಿ ಕತ್ತರಿಸುವುದು ಎಲ್ಲ ಅದರ ಮೇಲೆಯೇ. ನಮ್ಮವ್ವ ಆಗಲೇ ತೀರಿಕೊಂಡಿದ್ದಳು; ಅವಳು ಬಳಸಿದ ವಸ್ತುವೆಂದು ನನ್ನಲ್ಲಿ ಉಳಿದದ್ದು ಅದೊಂದೇ. ಸೀಳಿದ ಮಣೆ ಮನೆಯಲ್ಲಿರಬಾರದು, ಬಚ್ಚಲ ಒಲೆಗೆ ಹಾಕು ಎಂದು ಅತ್ತೆಯವರು ಹೇಳಿಬಿಟ್ಟರು. ನನಗೆ ಅಳುವೇ ಬಂತು. ಮಾವನವರು ಯುಗಾದಿಯವರೆಗೆ ವಾಯಿದೆ ಬೇಡಿದರು. ಹಬ್ಬದ ಹೋಳಿಗೆ ಅದರ ಮೇಲೆಯೇ ಮಾಡುವುದು, ಕಣಕಕ್ಕೆ ಏನಾದರೂ ಅಂಟಿದರೆ ಮಣೆ ಒಲೆಗೆ ಎಂದು ಕರಾರಾಯಿತು.

ಪೇಟೆಯ ಬಡಗಿಯೊಬ್ಬ ತನ್ನ ಅಂಟು ಕೊಡಲು ಬಂದ. ತೊಗಲು ಕುದಿಸಿ ಮಾಡಿದ್ದೆಂದು ತಿಳಿದದ್ದೇ ಮಾವನವರು ಕೈಮುಗಿದು ಅವನನ್ನು ಕಳಿಸಿದರು.

“ನಾಲಗಿಗೆ ನಡಿಯದ್ದು ಮಣಿಗೂ ನಡಿಯಂಗಿಲ್ಲವ್ವಾ,” ಎಂದು ನನಗೆ ಹೇಳಿದರು. “ಇವತ್ತು ಮಣಿ ತಿಂದದ್ದನ್ನ ನಾಳೆ ನಾವು ತಿಂತೀವಿ.”

ಮೊದಲು ಬೆಲ್ಲ ಸುಣ್ಣ ಕಲಸಿ, ರುಚಿ ನೋಡಿ, ಭೇಷ್ ಎಂದು ಬಿರುಕಿಗೆ ತುಂಬಿದರು. ಬೆಳಗಾಗುವುದರೊಳಗೆ ವಾಡೆಯ ಇರುವೆಗಳೆಲ್ಲ ಅದೇ ಅಭಿಪ್ರಾಯಕ್ಕೆ ಬಂದಿದ್ದವು. ಇರುವೆಗಳಿಗೆ ಈ ಸಲ ಯುಗಾದಿ ಮೊದಲೇ ಬಂತೆಂದು ಅತ್ತೆಯವರು ವಾಡೆಗೆಲ್ಲ ಕೇಳುವಂತೆ ಹೇಳಿದರು.

ಎರಡನೆಯ ಸಲ ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಅಂಬಲಿಯಂತೆ ಕುದಿಸಿದರು. ಮಣೆಯ ತಳವನ್ನೇ ಕೆರೆದು ತೆಗೆದ ಪುಡಿಯನ್ನು ಅದರಲ್ಲಿ ಕಲಸಿ ಬಿರುಕಿಗೆ ಒತ್ತಿ, ಸುತ್ತಲೂ ಹಗ್ಗ ಬಿಗಿದು ನೆರಳಿಗಿಟ್ಟರು. ಚೆನ್ನಾಗಿ ಒಣಗಿದ ಮೇಲೆ ಕುಸುಬೆ ಎಣ್ಣೆಯಲ್ಲಿ ಜೇನುಮೇಣ ಕರಗಿಸಿ ತಿಕ್ಕಿದರು. ಅದನ್ನೂ ನೆಕ್ಕಿ ನೋಡಿ, “ಉಪ್ಪು ತುಸು ಕಡಿಮಿ ಅದ,” ಎಂದರು.

ಯುಗಾದಿಯ ದಿನ ಅತ್ತೆಯವರೇ ಲಟ್ಟಿಸಲು ಕೂತರು. ಮಾವನವರು ಪೂಜೆ ಅರ್ಧಕ್ಕೆ ಬಿಟ್ಟು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಮೊದಲ ಹೋಳಿಗೆ ಬೆಂದ ಮೇಲೆ ಅತ್ತೆಯವರು ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಮಣೆಯನ್ನೂ ಸವರಿ ನೋಡಿದರು. ಎಲ್ಲಿಯೂ ಒಂದು ಕಲೆಯಿಲ್ಲ, ಏನೂ ಅಂಟಿಲ್ಲ. ಹೋದ ಜೀವ ಬಂದಂತಾಯಿತು ನನಗೆ. ಅತ್ತೆಯವರೇನೂ ಹೊಗಳಲಿಲ್ಲ.

“ನನ್ನ ಈಳಿಗಿ ಮಣಿ ಸೀಳಿ ವರ್ಷಾತು,” ಎಂದರು. “ಅದು ನಿಮ್ಮ ಕಣ್ಣಿಗೆ ಬಿದ್ದಿಲ್ಲೇನ್ರಿ?”

ಮುಂದೆ ಯಜಮಾನರಿಗೆ ಬೆಳಗಾವಿಗೆ ವರ್ಗವಾಯಿತು. ಮಣೆಯೂ ನನ್ನೊಂದಿಗೆ ಹೋಯಿತು. ಕೊನೆಯ ಸಲ ನಾನು ಪುಣೆಗೆ ನೋಡಲು ಬಂದಾಗ ಮಾವನವರು ಹಾಸಿಗೆ ಹಿಡಿದಿದ್ದರು. ಬೆಳಗಾವಿಯ ಮಳೆಗೆ ಮಣೆ ಮತ್ತೆ ಬಾಯಿ ಬಿಟ್ಟಿತೇ ಎಂದು ಕೇಳಿದರು. ಕೂದಲೆಳೆಯಷ್ಟೂ ಇಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿದೆ.

“ಹಂಗಾದ್ರ ನನ್ನ ಕೆಲಸ ಮುಗೀತನ್ನು,” ಎಂದು ನಕ್ಕರು.

ದಸರೆಗೆ ಮುಂಚೆಯೇ ಹೋಗಿಬಿಟ್ಟರು. ಮಣೆ ತುಸು ಬಾಯಿ ಬಿಟ್ಟಿದೆ ಎಂದು ನಾನು ಹೇಳಿದ್ದರೆ, ತಂದು ತೋರಿಸು ಎಂದು ಹಟ ಹಿಡಿದು ದೀಪಾವಳಿಯವರೆಗಾದರೂ ಇರುತ್ತಿದ್ದರೋ ಏನೋ.