ನಿಂಗಮ್ಮನ ಗೋಡೆಯ ಗಡಿಗೆ

ನಿಂಗಮ್ಮನ ಮನೆಯ ಗೋಡೆಯಲ್ಲಿ ಯಾವ ಹಣದ ಗಂಟೂ ಇರಲಿಲ್ಲ. ಗಡಿಗೆಯನ್ನು ಅಲ್ಲಿಟ್ಟವನು ನಾನು, ಅದರೊಳಗೆ ನಾಣ್ಯ ತುಂಬಿದವನೂ ನಾನೇ. ಇಷ್ಟನ್ನು ಹೇಳಲು ನನಗೆ ವರ್ಷಗಳು ಬೇಕಾದವು – ಬೇಕಾದವು ಎನ್ನುವುದೂ ಸುಳ್ಳು. ನಾನು ಹೇಳಲಿಲ್ಲ, ಅಷ್ಟೆ.

ಶಹಾಪುರದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇತ್ತು. ಹಳೆಯ ನಾಣ್ಯ, ಹಿತ್ತಾಳೆ ಬೀಗ, ಎಲೆ-ಅಡಿಕೆ ಡಬ್ಬಿ ಕೂಡಿಹಾಕುವ ಹುಚ್ಚು ಮೊದಲಿನಿಂದಲೂ ಇತ್ತು. ಯಾದಗಿರಿಯ ಗುಜರಿ ಅಂಗಡಿಗಳಲ್ಲಿ, ಕೆಂಭಾವಿ ಸಂತೆಯಲ್ಲಿ ಹುಡುಕಿ ತರುತ್ತಿದ್ದೆ. ಅವನ್ನೇ ಮಾರೋಣವೆಂದು ಆನ್‌ಲೈನ್‌ನಲ್ಲಿ ಸ್ವಂತ ಅಂಗಡಿ ತೆರೆದೆ. ಬಿಳಿ ಬಟ್ಟೆ ಹಾಸಿ ಒಂದೊಂದರ ಫೋಟೊ ತೆಗೆದೆ, ತೂಕ ಬರೆದೆ. ಯಾರೂ ಕೊಳ್ಳಲಿಲ್ಲ. ನೋಡಿದವರು ಕೇಳುತ್ತಿದ್ದುದು ಒಂದೇ – ಇದು ಎಲ್ಲಿ ಸಿಕ್ಕಿತು? ಗುಜರಿಯಲ್ಲಿ ಎಂದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಅವರಿಗೆ ಕಥೆ ಬೇಕಿತ್ತು. ನಾನು ಕಥೆ ಹುಡುಕಿಕೊಂಡು ಹತ್ತಿರದ ಹಳ್ಳಿ ಸಗರಕ್ಕೆ ಹೋದೆ.

ಅಲ್ಲಿ ನಿಂಗಮ್ಮ ಗಂಡ ಸತ್ತ ಮೇಲೆ ಕುರಿ ಸಾಕಿಕೊಂಡು ಒಬ್ಬಳೇ ಇದ್ದಳು. ಹಿಂದೊಮ್ಮೆ ತನ್ನ ಅತ್ತೆಯ ಹಿತ್ತಾಳೆ ಡಬ್ಬಿಯನ್ನು ನನಗೆ ಮಾರಿದ್ದಳು, ಅದೇ ಪರಿಚಯ. ಅವಳ ಮನೆಯ ದಪ್ಪನೆಯ ಮಣ್ಣಿನ ಗೋಡೆ ಒಂದು ಕಡೆ ಉದುರಿ ಪೊಟರೆಯಾಗಿತ್ತು. ನನಗೆ ಬೇಕಾಗಿದ್ದು ಆ ಪೊಟರೆ.

"ಅಕ್ಕಾ, ನಿಮ್ಮ ಮನ್ಯಾಗ ಒಂದು ವಿಡಿಯೊ ಮಾಡ್ಕೊಳ್ಳಾಕ ಬಂದೀನ್ರಿ" ಎಂದೆ.

"ಮಾಡ್ಕೊ ತಮ್ಮಾ. ನಾ ಏನ್ ಸಿನಿಮಾದಾಕಿ ಆದ್ನೇನು?" ಎಂದು ನಕ್ಕಳು. ಗಡಿಗೆ ಕೊಟ್ಟವಳೂ ಅವಳೇ, ಅದನ್ನು ತೊಳೆದವಳೂ ಅವಳೇ. ಗುಜರಿಯಿಂದ ತಂದ ನಿಜಾಮರ ಕಾಲದ ನಾಣ್ಯಗಳನ್ನು ಅದರಲ್ಲಿ ಸುರಿದು, ಪೊಟರೆಯಲ್ಲಿಟ್ಟು, ಹೊರತೆಗೆಯಲು ಹೇಳಿದೆ. ತಲೆ ಮೇಲೆ ಸೆರಗು ಹೊದ್ದು, ನಾಚಿಕೊಂಡೇ ತೆಗೆದಳು. ಆ ವಿಡಿಯೊಗೆ ನಾನು ಯಾವ ಮಾತು ಸೇರಿಸುತ್ತೇನೆಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಶಹಾಪುರಕ್ಕೆ ಬಂದು ಮಾತು ಸೇರಿಸಿದೆ: ಈ ಮನೆಯ ಮುತ್ತಜ್ಜ ಗೋಡೆಯೊಳಗೆ ಬಚ್ಚಿಟ್ಟ ಗಂಟು ಇಂದು ಹೊರಬಂದಿದೆ – ಸಗರದಿಂದ ನೇರ ನಿಮ್ಮ ಕೈಗೆ.

ವಿಡಿಯೊ ಊರೂರು ತಿರುಗಿತು. ನಾಣ್ಯಗಳಷ್ಟೇ ಅಲ್ಲ, ಬೀಗಗಳೂ ಮಾರಾಟವಾದವು. ಆ ಸಂತೋಷದಲ್ಲಿ ನಾನು ಇರುವಾಗಲೇ ನಿಂಗಮ್ಮನ ಮೈದುನ ಬೀರಪ್ಪ ತನ್ನ ಫೋನಿನಲ್ಲಿ ಅದನ್ನು ನೋಡಿದ್ದ. ಮುತ್ತಜ್ಜ ಅವನಿಗೂ ಮುತ್ತಜ್ಜನೇ ಅಲ್ಲವೇ? ಪಾಲು ಕೇಳಿದ.

ಊರಿನ ಕಟ್ಟೆಗೆ ನನ್ನನ್ನೂ ಕರೆಸಿದರು. ಹಿರಿಯರು ಕೂತಿದ್ದರು. ನಿಂಗಮ್ಮನಿಗೆ ನನ್ನನ್ನು ಕಂಡು ಜೀವ ಬಂದಂತಾಯಿತು.

"ಗಡಿಗಿ ನಂದು, ರೊಕ್ಕ ಅವಂದು. ಅವನ್ನ ಕೇಳ್ರಿ. ತಮ್ಮಾ, ಸುಳ್ಳೈತಿ ಅಂತ ಒಂದು ಮಾತು ಹೇಳಪಾ."

ಒಂದೇ ಮಾತು. ಆದರೆ ಅದನ್ನು ಹೇಳಿದರೆ ನನ್ನ ಅಂಗಡಿ ಸುಳ್ಳಿನ ಅಂಗಡಿಯಾಗುತ್ತಿತ್ತು. ಕೊಂಡವರ ಮುಖಗಳು, ಅವರು ಬರೆಯಬಹುದಾದ ಬೈಗುಳ... ನಾನು ನೆಲ ನೋಡುತ್ತ ಹೇಳಿದೆ –

"ಮನಿ ಒಳಗಿನ ವಿಷಯ ನನಗೇನು ಗೊತ್ರಿ? ಅಕ್ಕ ಕೊಟ್ರು, ನಾ ಮಾರೀನಿ."

ಅವಳು ಬೈಯಲಿಲ್ಲ. ನಾನು ಇನ್ನೊಂದು ಮಾತು ಸೇರಿಸುತ್ತೇನೆಂದು ಕಾದಂತೆ ನನ್ನನ್ನೇ ನೋಡುತ್ತ ಕೂತಳು. ನಾನು ಬೈಕ್ ಹತ್ತಿದೆ.

ಮುಂದೆ ನಡೆದದ್ದನ್ನು ಬೇರೆಯವರ ಬಾಯಿಂದ ಕೇಳಿದೆ. ಅವಳು ಕುರಿ ಮೇಯಿಸಲು ಹೋಗಿದ್ದಾಗ ಬೀರಪ್ಪ ಮತ್ತು ಅವನ ಕಡೆಯವರು ಹಾರೆ ತಂದು ಗೋಡೆ ಅಗೆದರು, ಆಮೇಲೆ ನೆಲ ಅಗೆದರು. ತೊಲೆ ಜಾರಿ ಮಾಳಿಗೆ ಕುಸಿಯಿತು. ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ಅವಳು ಎಲ್ಲೋ ಸಾಗಿಸಿದ್ದಾಳೆಂದು ಇನ್ನೂ ಗಟ್ಟಿಯಾಗಿ ನಂಬಿದರು. ಪಾಲಿನ ಬದಲು ಕುರಿಗಳನ್ನು ಹೊಡೆದುಕೊಂಡು ಹೋದರು. ಅವಳು ಕೆಂಭಾವಿಯ ತಂಗಿಯ ಮನೆ ಸೇರಿದಳು. ನಾನು ಆ ಹೊತ್ತಿಗೆ ಹೊಸ ವಿಡಿಯೊಗಳನ್ನು ಮಾಡುತ್ತಿದ್ದೆ.

ಈ ಬೇಸಿಗೆಯಲ್ಲಿ ಕೆಂಭಾವಿ ಸಂತೆಗೆ ಹೋದಾಗ, ಒಣಮೆಣಸಿನಕಾಯಿಯ ರಾಶಿಯ ಪಕ್ಕ ಕೂತು ತೊಟ್ಟು ಮುರಿಯುತ್ತಿದ್ದ ಹೆಂಗಸರ ನಡುವೆ ಅವಳನ್ನು ಕಂಡೆ. ತಪ್ಪಿಸಿಕೊಂಡು ಹೋಗಬಹುದಿತ್ತು. ಯಾಕೋ – ಹೋಗಲಿಲ್ಲ. ಎದುರು ಕುಕ್ಕರುಗಾಲಲ್ಲಿ ಕೂತು, ಗಂಟಿನ ಕಥೆ ಸುಳ್ಳು ಎಂದು ಗೊತ್ತಿದ್ದೂ ಕಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡೆ, ತಪ್ಪಾಯಿತು ಎಂದೆ.

ಅವಳು ಕೈ ನಿಲ್ಲಿಸಲಿಲ್ಲ.

"ಸುಳ್ಳಂತ ನನಗ್ಯಾಕ ಹೇಳಾಕತ್ತೀದಿ? ನನಗ ಗೊತ್ತೇ ಐತಿ. ಗೊತ್ತಿಲ್ಲದವ್ರಿಗೆ ಹೇಳು, ಹೋಗು."

ಅಲ್ಲಿಂದಲೇ ಸಗರಕ್ಕೆ ಹೋದೆ. ಅದೇ ಕಟ್ಟೆಯ ಮೇಲೆ, ಬೀರಪ್ಪನ ಎದುರಿಗೆ, ಎಲ್ಲವನ್ನೂ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಪಕ್ಕದವರ ಕಡೆ ತಿರುಗಿ ನಕ್ಕ.

"ನೋಡ್ರಿ, ನಮ್ಮ ಅತ್ತಿಗಿ ಈಗ ಇವಗೂ ಪಾಲು ಕೊಟ್ಟಾಳ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಹೇಳದೆ ಅವಳ ಮನೆ ಕೆಡವಿಸಿದ್ದೆ. ಹೇಳಿ ಅವಳ ಹೆಸರನ್ನು ಇನ್ನಷ್ಟು ಕೆಡಿಸಿ ಬಂದೆ.

ಆನ್‌ಲೈನ್ ಅಂಗಡಿ ಮುಚ್ಚಿದ್ದೇನೆ. ಆ ವಿಡಿಯೊ ಅಳಿಸಿದರೂ ಯಾರ್ಯಾರದೋ ಫೋನುಗಳಲ್ಲಿ ಇನ್ನೂ ತಿರುಗುತ್ತಿದೆ – ಸೆರಗು ಹೊದ್ದ ನಿಂಗಮ್ಮ ನಾಚಿಕೊಂಡು ಗಡಿಗೆ ತೆಗೆಯುತ್ತಲೇ ಇದ್ದಾಳೆ. ಅದು ಸುಳ್ಳೆಂದು ಹೇಳಲು ನಾನು ಸಗರಕ್ಕೆ ಮತ್ತೆ ಹೋಗುತ್ತೇನೆ. ಅವರು ಮತ್ತೆ ನಗುತ್ತಾರೆ. ಆದರೂ ಹೋಗುತ್ತೇನೆ.