ಕಂಬಳಿಯೊಳಗಿನ ಪೈನ್ ಪತಂಗ

ಮೊನ್ನೆ ಮೊನ್ನೆಯವರೆಗೆ ನಾನು ವಿಜ್ಞಾನಿಯಾಗಿದ್ದೆ. ಒಟ್ಟು ಮೂರು ವಾರ.

ಆಗಿದ್ದಿಷ್ಟು. ತಂಗಿ ಮಗಳ ಮದುವೆ ಹತ್ತಿರ ಬಂದಿತ್ತು. ನಮ್ಮೂರು ತಾಳ್ಯದ ಮನೆಗೆ ಹೋದಾಗ ಅವ್ವ ಹಳೇ ಮರದ ಪೆಟ್ಟಿಗೆ ತೆಗೆಸಿದಳು. ಒಳಗಿದ್ದದ್ದು ಅಪ್ಪನ ಕರಿ ಕಂಬಳಿ. ನಮ್ಮಲ್ಲಿ ಕಂಬಳಿ ಗದ್ದಿಗೆ ಹಾಸಿ ಮದುಮಕ್ಕಳನ್ನು ಕೂರಿಸದೆ ಶಾಸ್ತ್ರ ಶುರುವಾಗುವುದಿಲ್ಲ. ಅಪ್ಪ ತನ್ನ ಕುರಿಗಳ ಉಣ್ಣೆಯಲ್ಲೇ ಅದನ್ನು ನೇಯಿಸಿದ್ದ. ಈಗ ಅಪ್ಪನೂ ಇಲ್ಲ, ಕುರಿಗಳೂ ಇಲ್ಲ.

ಮುಚ್ಚಳ ಎತ್ತಿದ್ದೇ ತಡ, ಅಕ್ಕಿಕಾಳಿನಷ್ಟು ಉದ್ದದ ಪತಂಗವೊಂದು ಅಂಚಿನಲ್ಲಿ ಕಾಣಿಸಿತು. ಫೋಟೊ ಹೊಡೆದೆ. ಮೊಬೈಲಿನ ಆ್ಯಪ್ 'ಪೈನ್ ಚಿಗುರು ತಿನ್ನುವ ಪತಂಗ ಇರಬಹುದು' ಎಂದಿತು. ('ಇರಬಹುದು' ಎಂಬುದನ್ನು ಯಾರಾದರೂ ಓದುತ್ತಾರೆಯೇ?) ಪೆಟ್ಟಿಗೆಯೂ ಪೈನ್ ಹಲಗೆಯದು. ಯಾವುದೋ ಮಷಿನ್‌ನ ಪ್ಯಾಕಿಂಗ್ ಹಲಗೆ ಬಿಚ್ಚಿ ಬಡಗಿ ಮಾಡಿಕೊಟ್ಟಿದ್ದು. ಇನ್ನೇನು ಸಾಕ್ಷಿ ಬೇಕು? ಜೋಗಿಮಟ್ಟಿ ಕಾಡೆಲ್ಲ ಸುತ್ತಿದರೂ ಒಂದು ಪೈನ್ ಮರ ಕಾಣದ ನಾನು, ಪೈನ್ ಪತಂಗವನ್ನೇ ಕಂಡುಹಿಡಿದಿದ್ದೆ.

"ನುಸಿ ಇದ್ದಂಗೈತೆ. ಕಂಬಳಿ ಕೊಡವಿ ಬಿಸ್ಲಿಗೆ ಹಾಕಾಣ" ಎಂದಳು ಅವ್ವ.

"ಮುಟ್ಟಬ್ಯಾಡವ್ವ, ಅಪರೂಪದ್ದು ಅದು. ಒಳಗೆ ಇನ್ನೂ ಅವೆ" ಎಂದು ನಾನೇ ಮುಚ್ಚಳ ಹಾಕಿದೆ.

ಚಿತ್ರದುರ್ಗಕ್ಕೆ ವಾಪಸು ಬಂದು, ಹುಳುಗಳನ್ನು ಬಲ್ಲ ಕಾಲೇಜು ಮೇಷ್ಟ್ರೊಬ್ಬರಿಗೆ ಫೋಟೊ ಕಳಿಸಿದೆ. ಮಸುಕು ಫೋಟೊ. ಅವರು ಪೇಪರ್ ತಿದ್ದುವುದರಲ್ಲಿ ಮುಳುಗಿದ್ದರು. ಮೂರು ವಾರ ಬಿಟ್ಟು ಫೋನ್ ಮಾಡಿದರು. ಅಷ್ಟರಲ್ಲಿ ನಾನು ಕಂಡವರಿಗೆಲ್ಲ ಸುದ್ದಿ ಹಂಚಿಯಾಗಿತ್ತು.

"ಪೈನಿಂದಾದ್ರೆ ಕಿತ್ತಳೆ ಬಣ್ಣ, ಅಡ್ಡಡ್ಡ ಬೆಳ್ಳಿ ಪಟ್ಟೆ ಇರ್ಬೇಕು. ಐತೇನ್ರಿ?"

"ಇಲ್ಲ ಸಾರ್. ಒಣಹುಲ್ಲಿನ ಬಣ್ಣ, ಪಟ್ಟೆ ಗಿಟ್ಟೆ ಏನಿಲ್ಲ."

"ತಲೆ ಮೇಲೆ ಕೆಂಚು ಕೂದ್ಲು ಕೆದರಿತ್ತಾ?"

"ಇತ್ತು."

"ಬೆಳಕು ಬಿದ್ದಾಗ ಏನು ಮಾಡ್ತು?"

"ಹಾರ್ಲಿಲ್ಲ. ಸರಸರ ಓಡಿ ಮಡಿಕೆ ಒಳಗೆ ಸೇರ್ಕಂತು."

"ಎಂಥದ್ರ ಮಡಿಕೆ?"

"ಕಂಬಳೀದು."

"ಅದು ಉಣ್ಣೆ ತಿನ್ನೋ ನುಸಿ ಕಣ್ರಿ. ರೆಕ್ಕೆ ಬಂದದ್ದು ಏನೂ ತಿನ್ನಲ್ಲ, ಮರಿಗಳು ತಿಂತವೆ. ಮೊದ್ಲು ಊರಿಗೆ ಹೋಗ್ರಿ."

ಹೋದೆ. ಅಂಗಳದಲ್ಲಿ ನಾನು, ಅವ್ವ ಒಂದೊಂದು ತುದಿ ಹಿಡಿದು ಕಂಬಳಿ ಬಿಚ್ಚಿದೆವು. ನಡುಮಧ್ಯದ ತೂತಿನಲ್ಲಿ ಅವ್ವನ ಮುಖ ಕಾಣುತ್ತಿತ್ತು. ತೂತು ಬಿದ್ದ ಕಂಬಳಿಯನ್ನು ಗದ್ದಿಗೆಗೆ ಹಾಸುವಂತಿಲ್ಲ. ಬೇರೆಯವರ ಮನೆಯದನ್ನು ಕೇಳಿ ತರಬೇಕು. ನನಗೆ ನಾಚಿಕೆಯಾಯಿತು. ಅವ್ವ ಬೈಯಬಾರದೇ? ತೂತಿನ ಅಂಚನ್ನು ಬೆರಳಲ್ಲಿ ಸವರುತ್ತ ನಿಂತಳು.

ಏನಾದರೂ ಹೇಳಬೇಕಲ್ಲ ಎಂದು, ಮೇಷ್ಟ್ರು ಪತಂಗದ ಸರಿಯಾದ ಹೆಸರು ಹೇಳಿದ್ದಾರೆ ಎಂದೆ.

"ಹಂಗಾರೆ ಲಗ್ನಪತ್ರಿಕೇಲಿ ಹಾಕ್ಸಪ್ಪ, ಗದ್ದಿಗೆ ಮೇಲೆ ಮದುಮಕ್ಕಳಿಗಿಂತ ಮೊದ್ಲು ಕುಂತದ್ದು ಅದೇ ಅಲ್ವಾ."