ಕೆನ್ನೆ ತುಂಬ ಉಸಿರು

ಒಡವೆಗೆ ಬೆಸುಗೆ ಹಾಕುವಾಗ ಮೊಮ್ಮಗಳ ಟಾರ್ಚಿನ ಗ್ಯಾಸ್ ಮುಗಿಯಿತು. ಬೆಸುಗೆಗೆಂದು ಸವರಿ ಕಾಯಿಸಿದ ಬಿಳಿಗಾರದ ವಾಸನೆ ನನ್ನನ್ನು ಯಲಹಂಕದ ನಮ್ಮ ಪಡಸಾಲೆಗೆ ಒಯ್ದಿತು.

ಅಪ್ಪ ಅಕ್ಕಸಾಲಿಗ. ದೀಪದ ಉರಿಯನ್ನು ಊದುಗೊಳವೆಯಿಂದ ಒಡವೆಯತ್ತ ತಿರುಗಿಸಿ ಬೆಸೆಯುತ್ತಿದ್ದ. ಉಸಿರು ತುಂಡಾದರೆ ಬೆಸುಗೆ ಕೂಡುವುದಿಲ್ಲ. ಅಂದು ಅವನಿಗೆ ಬಿಡದ ಕೆಮ್ಮು. ಜಗಲಿಯಲ್ಲಿ ಮದುವೆಮನೆಯವರು ತಾಳಿಗಾಗಿ ಕಾದಿದ್ದರು.

"ಕೊಡಪ್ಪ, ನಾನ್ ಊದ್ತೀನಿ."

"ಇದು ಸೌದೆ ಒಲೆ ಅಲ್ಲ ಕಣೇ."

ಆದರೆ ನನಗೆ ಕಲಿಸಿದ್ದೇ ಹಸಿ ಸೌದೆಯ ಒಲೆ: ಕೆನ್ನೆಯಲ್ಲಿ ಗಾಳಿ ತುಂಬಿಟ್ಟು ಊದುತ್ತಲೇ ಮೂಗಿನಿಂದ ಉಸಿರೆಳೆಯಬೇಕು. ಅಪ್ಪನ ಕೈಯಿಂದ ಗೊಳವೆ ತೆಗೆದುಕೊಂಡು ಹಾಗೇ ಊದಿದೆ. ಉರಿ ಅಲುಗಲಿಲ್ಲ. ಬೆಸುಗೆ ಕರಗಿ ಫಳಕ್ಕನೆ ಹರಿದು ಕೂಡಿತು.

ಅಪ್ಪ ತಾಳಿಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಜಗಲಿಗೆ ಹೋಗಿ, "ನನ್ ಮಗಳು ಬೆಸೆದಿದ್ದು ಕಣ್ರೀ" ಎಂದ.

ಈಗ ಮೊಮ್ಮಗಳು ಕೈಕಟ್ಟಿ ಕೂತಿದ್ದಾಳೆ. ನಾನು ಪೆಟ್ಟಿಗೆಯಿಂದ ಆ ಗೊಳವೆ ತೆಗೆದೆ. ಅಪ್ಪ ಅದನ್ನು ವಾಪಸ್ ಕೇಳಲೇ ಇಲ್ಲ.